ನೀರಿನ ಹಿಡಿತ: ಆಸ್ಕರ್ ಗ್ನಾಸ್ಪೀಲಿಯಸ್ ಅವರ ಜಾಡಿನಲ್ಲಿ ಆರು ದಿನ

ಮೊದಲ ದಿನ: ಬ್ಯಾರೋ

ಮ್ಯಾಂಚೆಸ್ಟರ್‌ನ ಮಗಳ ಮನೆಯಿಂದ ಬೆಳಿಗ್ಗೆ ಎಂಟಕ್ಕೆ ಹೊರಟಾಗ ಜಿಟಿಜಿಟಿ ಮಳೆ ಹಿಡಿದಿತ್ತು. ಅಕ್ಟೋಬರ್ ತಿಂಗಳಲ್ಲಿ ಇಂಗ್ಲೆಂಡಿನ ಉತ್ತರಕ್ಕೆ ಹೋಗುವವರು ಮಳೆಯನ್ನು ದೂರಬಾರದೆಂದು ಅಳಿಯ ಮೊದಲೇ ಎಚ್ಚರಿಸಿದ್ದರಿಂದ, ಛತ್ರಿಯ ಜೊತೆಗೆ ಒಂದು ಜೊತೆ ಹೆಚ್ಚುವರಿ ಕಾಲುಚೀಲವನ್ನೂ ಚೀಲಕ್ಕೆ ಸೇರಿಸಿಕೊಂಡಿದ್ದೆ. ಬೆಂಗಳೂರಿನ ವಿಮಾನ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಅಲ್ಯೂಮಿನಿಯಂ ತಗಡು ಬಗ್ಗಿಸಿ ನಿವೃತ್ತನಾದ ನನಗೆ, ವಿಮಾನ ನೆಲದಿಂದ ಮೇಲೇಳುವುದು ಅಷ್ಟೇನೂ ಅಚ್ಚರಿಯ ಸಂಗತಿಯಾಗಿ ಉಳಿದಿಲ್ಲ. ಆದರೆ ನೀರಿನಿಂದ ಮೇಲೇಳುವ ವಿಮಾನ ಬೇರೆಯೇ ಜಾತಿಯದು. ಅದು ಮೊದಲು ಒಳ್ಳೆಯ ದೋಣಿಯಾಗಬೇಕು, ಆಮೇಲೆ ದೋಣಿತನವನ್ನು ಪೂರ್ತಿ ಬಿಟ್ಟುಕೊಡಬೇಕು. ಆ ಬಿಟ್ಟುಕೊಡುವ ಗಳಿಗೆಯನ್ನು ಬ್ರಿಟನ್‌ನಲ್ಲಿ ಮೊದಮೊದಲು ಹುಡುಕಿದವರಲ್ಲಿ ಒಬ್ಬರು ಆಸ್ಕರ್ ಗ್ನಾಸ್ಪೀಲಿಯಸ್. ಹುಟ್ಟಿದ್ದು 1878ರಲ್ಲಿ, ತೀರಿಕೊಂಡಿದ್ದು 1953ರಲ್ಲಿ. ವೃತ್ತಿಯಿಂದ ಸಿವಿಲ್ ಎಂಜಿನಿಯರ್, ಹೆಸರು ಸ್ವೀಡನ್ ಮೂಲದ್ದು. ಆ ಹೆಸರನ್ನು ಬಾಯಿಗೆ ಹೊಂದಿಸಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು.

ರೈಲು ಲ್ಯಾಂಕಾಸ್ಟರ್ ದಾಟಿ ಪಶ್ಚಿಮಕ್ಕೆ ಹೊರಳಿದ ಮೇಲೆ ಮೋರ್‌ಕ್ಯಾಂಬ್ ಕೊಲ್ಲಿಯ ಅಂಚು ಹಿಡಿಯುತ್ತದೆ. ಆರ್ನ್‌ಸೈಡ್‌ನ ಬಳಿ ಕೆಂಟ್ ನದಿಯ ಅಳಿವೆಯನ್ನೂ, ಮುಂದೆ ಅಲ್ವರ್‌ಸ್ಟನ್‌ಗೆ ಮೊದಲು ಲೆವೆನ್ ನದಿಯ ಅಳಿವೆಯನ್ನೂ ತಗ್ಗಾದ ಉದ್ದನೆಯ ಸೇತುವೆಗಳ ಮೇಲೆ ದಾಟುವಾಗ, ಎರಡೂ ಕಡೆ ಇಳಿತದ ಮರಳು ಕಣ್ಣು ಹಾಯುವವರೆಗೂ ಬಿದ್ದುಕೊಂಡಿತ್ತು. ನಮ್ಮ ಶರಾವತಿಯ ಸೇತುವೆಯ ಮೇಲೆ ರೈಲಿನಲ್ಲಿ ಹೋಗುವಾಗ ಆಗುವ ಹಾಗೆಯೇ ಇಲ್ಲಿಯೂ ಡಬ್ಬಿಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ಕಿಟಕಿಯ ಕಡೆ ತಿರುಗಿದರು.

ಗ್ನಾಸ್ಪೀಲಿಯಸ್ ಅವರ ಊರು ವಿಂಡರ್‌ಮಿಯರ್ ಸರೋವರದ ದಡ. ಆದರೂ ನಾನು ಮೊದಲು ಬ್ಯಾರೋಗೆ ಬಂದದ್ದಕ್ಕೆ ಕಾರಣ ಕ್ಯಾವೆಂಡಿಶ್ ಡಾಕ್. ಜಲಾಂತರ್ಗಾಮಿ ಕಟ್ಟುವ ದೈತ್ಯ ಶೆಡ್ಡು ಈ ಊರಿನ ಎಲ್ಲ ಬೀದಿಗಳ ಕೊನೆಯಲ್ಲೂ ಇಣುಕುತ್ತದೆ. ಅದನ್ನು ಬೆನ್ನಿಗೆ ಹಾಕಿಕೊಂಡು ಮುಂದೆ ನಡೆದರೆ ಈ ಹಳೆಯ ಡಾಕ್ ಸಿಗುತ್ತದೆ. ಹಡಗುಗಳಿಲ್ಲ, ಅಗಲವಾದ ನಿಂತ ನೀರು, ಅದರ ತುಂಬ ಹಕ್ಕಿಗಳು. ಇಲ್ಲಿ 1911ರಲ್ಲಿ ವಿಕರ್ಸ್ ಕಂಪನಿ ನೌಕಾಪಡೆಗಾಗಿ ಕಟ್ಟಿದ ದೊಡ್ಡ ವಾಯುನೌಕೆಯೊಂದಿತ್ತು, ಅಂದರೆ ಅನಿಲ ತುಂಬಿ ತೇಲಿಸುವ ಏರ್‌ಶಿಪ್. ಜನ ಅದನ್ನು ‘ಮೇಫ್ಲೈ’ ಎಂದು ಕರೆದರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ, ಒಮ್ಮೆಯೂ ಹಾರದೆ, ಶೆಡ್ಡಿನಿಂದ ಹೊರಗೆಳೆಯುವಾಗಲೇ ಅದರ ಬೆನ್ನು ಮುರಿಯಿತು. ಅದನ್ನು ನೋಡಿಕೊಳ್ಳಲು ಬಂದಿದ್ದ ಅಧಿಕಾರಿಗಳಲ್ಲಿ ಆಲಿವರ್ ಶ್ವಾನ್ ಎಂಬ ಕಮಾಂಡರ್ ಒಬ್ಬರಿದ್ದರು. ಸರ್ಕಾರದ ವಾಯುನೌಕೆಯ ಗತಿ ಹೀಗಾದರೂ ಅವರು ಸ್ವಂತ ದುಡ್ಡು ಮತ್ತು ಸಹೋದ್ಯೋಗಿಗಳ ನೆರವಿನಿಂದ ಕೊಂಡ ಆವ್ರೋ ವಿಮಾನಕ್ಕೆ ಫ್ಲೋಟ್‌ಗಳನ್ನು, ಅಂದರೆ ಚಕ್ರಗಳ ಬದಲಿಗೆ ನೀರಿನ ಮೇಲೆ ತೇಲಿಸುವ ದೋಣಿಯಂಥ ತಳಗಳನ್ನು, ಕಟ್ಟಿ ಈ ಡಾಕಿನ ನೀರಿನಲ್ಲಿ ಓಡಿಸಿ ನೋಡುತ್ತಲೇ ಇದ್ದರು. ನವೆಂಬರ್ 18ರಂದು ವಿಮಾನ ನೀರು ಬಿಟ್ಟು ಮೇಲೆದ್ದಿತು, ಕೂಡಲೇ ಕೆಳಗೆ ಬಿದ್ದು ಜಖಂ ಆಯಿತು. ಬ್ರಿಟನ್‌ನ ನೀರಿನಿಂದ ವಿಮಾನವೊಂದು ಎದ್ದದ್ದು ಅದೇ ಮೊದಲು. ಎದ್ದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೋ, ಬಿದ್ದದ್ದನ್ನೋ ಎಂಬ ಚರ್ಚೆ ಅಂದಿನಿಂದಲೂ ಇದೆ. ನನ್ನ ಮಟ್ಟಿಗೆ, ಇಳಿಯಲಾಗದ್ದನ್ನು ಹಾರಾಟ ಎನ್ನಲು ಮನಸ್ಸು ಒಪ್ಪುವುದಿಲ್ಲ.

ನಾನು ಅಲ್ಲಿ ನಿಂತಿದ್ದಾಗ ಒಂದು ಹಂಸ ಮೇಲೇಳುವುದನ್ನು ಹತ್ತಿರದಿಂದ ನೋಡಿದೆ. ಕತ್ತನ್ನು ಮುಂದಕ್ಕೆ ಚಾಚಿ, ರೆಕ್ಕೆ ಬಡಿಯುತ್ತ, ಎರಡು ಕಾಲುಗಳನ್ನೂ ಒಂದಾದ ಮೇಲೊಂದರಂತೆ ನೀರಿಗೆ ಪಟಪಟನೆ ಹೊಡೆಯುತ್ತ ಅದು ನೀರಿನ ಮೇಲೆಯೇ ಓಡಿತು. ಮೊದಲ ಹತ್ತು ಹೆಜ್ಜೆಗಳವರೆಗೆ ಎದೆ ನೀರಿಗೆ ಅಂಟಿಕೊಂಡೇ ಇತ್ತು. ಆಮೇಲೆ ಎದೆ ಬಿಡಿಸಿಕೊಂಡಿತು, ಕಾಲುಗಳು ಮಾತ್ರ ನೀರನ್ನು ತಾಗುತ್ತಿದ್ದವು. ಕೊನೆಗೆ ಅವೂ ಬಿಟ್ಟವು. ಅಷ್ಟು ದೊಡ್ಡ ಹಕ್ಕಿಗೂ ನೀರಿನ ಕೈಯಿಂದ ತಪ್ಪಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದು ಅದರ ಉಸಿರಿನ ಸದ್ದಿನಲ್ಲೇ ಕೇಳುತ್ತಿತ್ತು.

ಎರಡನೆಯ ದಿನ: ವಿಂಡರ್‌ಮಿಯರ್

ಬ್ಯಾರೋದಿಂದ ಬಸ್ಸಿನಲ್ಲಿ ನ್ಯೂಬಿ ಬ್ರಿಜ್‌ಗೆ ಬಂದು, ಅಲ್ಲಿಂದ ಚೀಲ ಹೊತ್ತು ಲೇಕ್‌ಸೈಡ್ ಎಂಬ ದೋಣಿಕಟ್ಟೆಯವರೆಗೆ ನಡೆದು ಬರುವಷ್ಟರಲ್ಲಿ ಹತ್ತೂವರೆಯ ದೋಣಿ ಹೊರಟುಹೋಗಿತ್ತು. ಮುಂದಿನ ದೋಣಿಗೆ ಕಾಯುತ್ತ ನಾನು ಕುಳಿತದ್ದು ಸರೋವರದ ದಕ್ಷಿಣದ ತುದಿಯಲ್ಲಿ. ವಿಂಡರ್‌ಮಿಯರ್ ಇಂಗ್ಲೆಂಡಿನ ಅತಿ ದೊಡ್ಡ ನೈಸರ್ಗಿಕ ಸರೋವರ. ಉದ್ದ ಸುಮಾರು 17 ಕಿಲೋಮೀಟರ್ ಇದ್ದರೂ ಅಗಲ ಎಷ್ಟು ಕಡಿಮೆಯೆಂದರೆ, ಮೊದಲ ಸಲ ನೋಡುವವರಿಗೆ ಇದು ನದಿಯೇ ಎನ್ನಿಸುತ್ತದೆ. ಗುಡ್ಡಗಳ ನಡುವೆ ಉದ್ದಕ್ಕೆ ಮಲಗಿದ ಈ ನೀರು ಒಂದು ರೀತಿಯಲ್ಲಿ ಪ್ರಕೃತಿಯೇ ಕಟ್ಟಿಕೊಟ್ಟ ರನ್‌ವೇ.

ದೋಣಿ ಹೊರಟ ಸ್ವಲ್ಪ ಹೊತ್ತಿಗೆ ಎಡಗಡೆ ಮರಗಳಿಂದ ತುಂಬಿದ ಪುಟ್ಟ ದ್ವೀಪವೊಂದು ಬರುತ್ತದೆ. ಅದರ ಹೆಸರು ಸಿಲ್ವರ್ ಹೋಮ್. ಅದೇ ಹೆಸರಿನ ಮನೆ ಅದರ ಎದುರಿನ ಪಶ್ಚಿಮ ದಡದಲ್ಲಿದೆ. ಅದು ಗ್ನಾಸ್ಪೀಲಿಯಸ್ ಕುಟುಂಬಕ್ಕೆ ಸೇರಿದ್ದ ಮನೆ. ದಕ್ಷಿಣ ಅಮೆರಿಕ ಮತ್ತು ಆಫ್ರಿಕಗಳಲ್ಲಿ ರೈಲು ಮಾರ್ಗಗಳ ಕೆಲಸ ಮಾಡಿದ ಈ ಎಂಜಿನಿಯರ್, ಮೂವತ್ತು ದಾಟಿದ ವಯಸ್ಸಿನಲ್ಲಿ ಇಲ್ಲಿಗೆ ಬಂದು, ತನ್ನ ಮನೆಯ ಮುಂದಿನ ನೀರಿನಿಂದಲೇ ಹಾರಬೇಕೆಂದು ಪಟ್ಟು ಹಿಡಿದರು. ಫ್ರಾನ್ಸಿನಲ್ಲಿ ಆಂರಿ ಫಾಬ್ರ್ ಎಂಬವರು 1910ರ ಮಾರ್ಚ್ 28ರಂದು ಜಗತ್ತಿನಲ್ಲೇ ಮೊದಲು ನೀರಿನಿಂದ ವಿಮಾನ ಎಬ್ಬಿಸಿದ್ದರು. ಅದೇ ವರ್ಷ ಗ್ನಾಸ್ಪೀಲಿಯಸ್ ಕೂಡ ತಮ್ಮ ಮೊದಲ ವಿಮಾನವನ್ನು ನೀರಿಗಿಳಿಸಿದರು. ಅದರ ಕಟ್ಟೋಣ ನಡೆದದ್ದು ಬೌನೆಸ್‌ನ ಬಾರ್ವಿಕ್ ಎಂಬ ದೋಣಿ ಕಟ್ಟುವವರ ಕೈಯಲ್ಲಿ. ವಿಮಾನದ ಅಂಗಡಿಯೇ ಇಲ್ಲದ ಕಾಲದಲ್ಲಿ ಹಾಯಿದೋಣಿ ಮಾಡುವ ಬಡಗಿಗಿಂತ ಒಳ್ಳೆಯ ಕುಶಲಕರ್ಮಿ ಯಾರು ಸಿಕ್ಕಾರು? ತೆಳುವಾದ ಹಲಗೆಯನ್ನು ನೀರು ಒಸರದಂತೆ, ತೂಕ ಹೆಚ್ಚದಂತೆ ಬಗ್ಗಿಸುವುದು ಅವರಿಗೆ ತಲೆಮಾರುಗಳಿಂದ ಗೊತ್ತಿತ್ತು.

ಆ ವಿಮಾನ ನೀರಿನ ಮೇಲೆ ಓಡಿತು, ಎಷ್ಟು ಓಡಿಸಿದರೂ ಮೇಲೇಳಲಿಲ್ಲ.

ಏಕೆ ಏಳಲಿಲ್ಲ ಎಂಬುದೇ ನನ್ನನ್ನು ಇಲ್ಲಿಯವರೆಗೆ ಕರೆತಂದ ಪ್ರಶ್ನೆಯಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅಡುಗೆಮನೆಯ ಒದ್ದೆ ಕಲ್ಲಿನ ಮೇಲೆ ಸ್ಟೀಲ್ ತಟ್ಟೆಯನ್ನು ಇಟ್ಟು, ಸ್ವಲ್ಪ ಹೊತ್ತು ಬಿಟ್ಟು ನೇರವಾಗಿ ಮೇಲಕ್ಕೆತ್ತಲು ನೋಡಿ: ತಟ್ಟೆ ಕಲ್ಲನ್ನು ಹಿಡಿದುಕೊಂಡಿರುತ್ತದೆ. ಒಂದು ಅಂಚನ್ನು ಉಗುರಿನಿಂದ ಎತ್ತಿ ಗಾಳಿ ಒಳಹೋಗಲು ಬಿಟ್ಟರೆ ಸುಲಭವಾಗಿ ಬರುತ್ತದೆ. ಫ್ಲೋಟಿನ ಕಥೆಯೂ ಹೆಚ್ಚುಕಡಿಮೆ ಇದೇ. ವಿಮಾನ ನಿಧಾನವಾಗಿ ಓಡುವಾಗ ಫ್ಲೋಟ್ ನೀರನ್ನು ಸೀಳಿಕೊಂಡು ಹೋಗುತ್ತದೆ. ವೇಗ ಹೆಚ್ಚಿದಂತೆ, ಕೆರೆಯ ಮೇಲೆ ಹುಡುಗರು ಎಸೆಯುವ ಚಪ್ಪಟೆ ಕಲ್ಲಿನ ಹಾಗೆ, ನೀರಿನ ಮೇಲೆ ಹತ್ತಿ ಜಾರತೊಡಗಬೇಕು. ಸೀಳುವ ಸ್ಥಿತಿಯಿಂದ ಜಾರುವ ಸ್ಥಿತಿಗೆ ದಾಟುವ ನಡುವಿನ ವೇಗದಲ್ಲಿ ನೀರಿನ ಎಳೆತ ಅತಿ ಹೆಚ್ಚು. ಸೀಪ್ಲೇನ್ ಎಂಜಿನಿಯರುಗಳು ಇದಕ್ಕೆ ಹಂಪ್ ಎನ್ನುತ್ತಾರೆ. ಬೆಂಗಳೂರಿನ ರಸ್ತೆಗಳಲ್ಲಿ ನಮ್ಮ ಸೊಂಟ ಮುರಿಯುವ ಹಂಪ್ ಇದೇ ಪದ. ಎಂಜಿನ್ನಿಗೆ ಶಕ್ತಿ ಸಾಲದಿದ್ದರೆ ವಿಮಾನ ಆ ಹಂಪ್ ಹತ್ತಲಾರದೆ ಅದರ ಬುಡದಲ್ಲೇ ನೀರೆರಚುತ್ತ ಉಳಿಯುತ್ತದೆ. ಹೇಗೋ ಹತ್ತಿದರೂ ಇನ್ನೊಂದು ತೊಡಕಿದೆ. ಫ್ಲೋಟಿನ ತಳ ಹಿಂದಕ್ಕೆ ನುಣುಪಾಗಿ ಬಾಗಿದ್ದರೆ ನೀರು ಆ ಬಾಗನ್ನು ಬಿಡದೆ ಅಪ್ಪಿಕೊಂಡು ಹರಿದು, ಬಾಲವನ್ನು ಕೆಳಕ್ಕೆ ಹೀರಿಕೊಳ್ಳುತ್ತದೆ. ಇದಕ್ಕೆ ಸಿಕ್ಕ ಪರಿಹಾರ ಹೇಳಲು ನಾಚಿಕೆಯಾಗುವಷ್ಟು ಸರಳ: ತಳದ ನಡುವೆ ಅಡ್ಡಲಾಗಿ ಒಂದು ಮೆಟ್ಟಿಲು. ಓಡುವ ನೀರು ಆ ಚೂಪಾದ ಅಂಚನ್ನು ಮುಟ್ಟಿದಾಗ ತಿರುಗಲಾರದೆ ತಳವನ್ನು ಬಿಡುತ್ತದೆ, ಮೆಟ್ಟಿಲಿನ ಹಿಂದೆ ಗಾಳಿ ನುಗ್ಗುತ್ತದೆ, ಹೀರುವಿಕೆ ಒಡೆಯುತ್ತದೆ. ತಟ್ಟೆಯ ಅಂಚಿಗೆ ಹಾಕಿದ ಉಗುರು ಎಂದರೆ ಇದೇ.

ಈ ಮೆಟ್ಟಿಲಿನ ವಿಷಯದಲ್ಲಿ ಸರೋವರದ ಮೇಲೆ ಇನ್ನೊಬ್ಬರೂ ತಲೆ ಕೆಡಿಸಿಕೊಂಡಿದ್ದರು. ಅವರು ಕೆಂಡಲ್ ಕಡೆಯ ಎಡ್ವರ್ಡ್ ವೇಕ್‌ಫೀಲ್ಡ್, ಗ್ನಾಸ್ಪೀಲಿಯಸ್‌ಗಿಂತ ಹದಿನಾರು ವರ್ಷ ಹಿರಿಯರು, ಹಣವಂತರು. ತಾನೇ ವಿಮಾನ ಕಟ್ಟುವ ಬದಲು ಮ್ಯಾಂಚೆಸ್ಟರ್‌ನ ಆವ್ರೋ ಕಂಪನಿಯಿಂದ ಚಕ್ರಗಳ ವಿಮಾನವನ್ನೇ ಮಾಡಿಸಿ, ಅದು ನೆಲದಿಂದ ಸರಿಯಾಗಿ ಹಾರುತ್ತದೆಂದು ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಖಾತ್ರಿಪಡಿಸಿಕೊಂಡ ಮೇಲೆ, ಇಲ್ಲಿಗೆ ತರಿಸಿ ಚಕ್ರ ಬಿಚ್ಚಿ ಫ್ಲೋಟ್ ಕಟ್ಟಿಸಿದರು. ಆ ಮೆಟ್ಟಿಲು ಫ್ಲೋಟನ್ನು ಮಾಡಿದವರೂ ಅದೇ ಬಾರ್ವಿಕ್. ವಿಮಾನದ ಹೆಸರು ‘ವಾಟರ್‌ಬರ್ಡ್’, ಎಂಜಿನ್ 50 ಅಶ್ವಶಕ್ತಿಯ ನೋಮ್. ಗ್ನಾಸ್ಪೀಲಿಯಸ್ ಎಲ್ಲವನ್ನೂ ತಾವೇ ಕಂಡುಹಿಡಿಯಲು ಹೋದರೆ, ವೇಕ್‌ಫೀಲ್ಡ್ ಗೊತ್ತಿರುವುದನ್ನು ಬೇರೆಯವರಿಂದ ಕೊಂಡು ಗೊತ್ತಿಲ್ಲದ್ದರ ಮೇಲೆ ಮಾತ್ರ ಗಮನ ಇಟ್ಟರು. ಎಂಜಿನಿಯರಿಂಗ್ ಲೆಕ್ಕದಲ್ಲಿ ಎರಡನೆಯವರೇ ಜಾಣರು. ಆದರೂ ನನ್ನ ಮನಸ್ಸು ಮೊದಲನೆಯವರ ಕಡೆಗೇ ವಾಲುತ್ತದೆ.

1911ರ ನವೆಂಬರ್ 25ರಂದು ಇಬ್ಬರ ವಿಮಾನಗಳೂ ಈ ನೀರಿನ ಮೇಲಿದ್ದವು. ವಾಟರ್‌ಬರ್ಡನ್ನು ಹರ್ಬರ್ಟ್ ಸ್ಟ್ಯಾನ್ಲಿ ಆಡಮ್ಸ್ ಎಂಬ ಪೈಲಟ್ ಎಬ್ಬಿಸಿ, ಹಾರಿಸಿ, ಮತ್ತೆ ನೀರಿನ ಮೇಲೆ ಸುರಕ್ಷಿತವಾಗಿ ಇಳಿಸಿದರು. ಬ್ರಿಟನ್‌ನಲ್ಲಿ ನೀರಿನಿಂದ ಎದ್ದು ನೀರಿಗೇ ಸುಸೂತ್ರವಾಗಿ ಇಳಿದ ಮೊದಲ ಹಾರಾಟವೆಂದು ದಾಖಲಾಗಿರುವುದು ಅದು. ಅದೇ ದಿನ ಗ್ನಾಸ್ಪೀಲಿಯಸ್ ತಮ್ಮ ಎರಡನೆಯ ವಿಮಾನದಲ್ಲಿ ತಾವೇ ಕುಳಿತು ಓಡಿಸಿದರು. ಅವರಿಗೆ ಹಾರಾಟದ ಅಭ್ಯಾಸವಿರಲಿಲ್ಲ. ವಿಮಾನ ನೀರು ಬಿಟ್ಟಿತು, ಒಂದು ರೆಕ್ಕೆಯ ತುದಿ ನೀರಿಗೆ ತಾಗಿತು, ವಿಮಾನ ಮಗುಚಿತು. ನವೆಂಬರ್ ಕೊನೆಯ ಆ ನೀರಿನಲ್ಲಿ ಮುಳುಗಿ ಎದ್ದ ಮನುಷ್ಯನ ಬಗ್ಗೆ ದೋಣಿಯ ಕಟಾಂಜನ ಹಿಡಿದು ಯೋಚಿಸುತ್ತಿದ್ದಾಗ ನನಗೇ ಚಳಿ ಹತ್ತಿತು. ನೀರಿನ ಸಮಸ್ಯೆಯನ್ನು ಅವರು ಬಿಡಿಸಿಯಾಗಿತ್ತು, ಗಾಳಿಯಲ್ಲಿ ಕೂರುವುದನ್ನು ಕಲಿಯುವುದಷ್ಟೇ ಬಾಕಿಯಿತ್ತು. ಅದು ನಿಜವೆಂಬುದಕ್ಕೆ ಸಾಕ್ಷಿ ಮುಂದಿನ ಫೆಬ್ರವರಿಯಲ್ಲಿ ಸಿಕ್ಕಿತು: ರಿಪೇರಿಯಾದ ಅದೇ ವಿಮಾನವನ್ನು ರೊನಾಲ್ಡ್ ಕೆಂಪ್ ಎಂಬ ನುರಿತ ಪೈಲಟ್ ಹಾರಿಸಿ ತೋರಿಸಿದರು. ಈ ಕೆಂಪ್ ಮುಂದೆ ನಮ್ಮ ಕಡೆಗೂ ಬಂದವರು. 1924ರಲ್ಲಿ, ಬರ್ಮಾ ಇನ್ನೂ ಬ್ರಿಟಿಷ್ ಇಂಡಿಯಾದ ಭಾಗವಾಗಿದ್ದಾಗ, ಐರಾವತಿಯ ಮುಖಜ ಭೂಮಿಯ ಕಾಡುಗಳನ್ನು ಸೀಪ್ಲೇನಿನಿಂದ ಫೋಟೋ ತೆಗೆದು ನಕ್ಷೆ ಮಾಡುವ ಕೆಲಸವನ್ನು ನಡೆಸಿದ್ದು ಅವರೇ.

ಮಧ್ಯಾಹ್ನ ಬೌನೆಸ್‌ನಲ್ಲಿ ಇಳಿದು ಕಾಕ್‌ಶಾಟ್ ಪಾಯಿಂಟ್ ಎಂಬ ನೀರಿನಂಚಿನ ಹುಲ್ಲುಗಾವಲಿನ ಸುತ್ತ ನಡೆದೆ. ಇಲ್ಲಿದ್ದ ಹ್ಯಾಂಗರ್ 1912ರ ಮಾರ್ಚ್‌ನಲ್ಲಿ ಬಿರುಗಾಳಿಗೆ ಕುಸಿದಾಗ ಅದರಡಿ ವಾಟರ್‌ಬರ್ಡ್ ಪುಡಿಯಾಯಿತು. ನೀರಿನಿಂದ ಮೊದಲ ಸಲ ಹಾರಿ ಆರು ತಿಂಗಳೂ ಆಗಿರಲಿಲ್ಲ. ಆ ಹೊತ್ತಿಗೆ ಸರೋವರದ ಜನರೂ ಎರಡು ಪಂಗಡವಾಗಿದ್ದರು. ಎದುರು ದಡದ ಸಾರಿ ಹಳ್ಳಿಯಲ್ಲಿದ್ದ ಮಕ್ಕಳ ಲೇಖಕಿ ಬಿಯಾಟ್ರಿಕ್ಸ್ ಪಾಟರ್, ಈ ಯಂತ್ರಗಳ ಗದ್ದಲದಿಂದ ಸರೋವರದ ನೆಮ್ಮದಿ ಹಾಳಾಗುತ್ತಿದೆ ಎಂದು ಪತ್ರಿಕೆಗೆ ಬರೆದು ವಿರೋಧ ಕಟ್ಟಿದರು. ಕ್ಯಾನನ್ ರಾನ್‌ಸ್ಲಿ ಎಂಬ ಪಾದ್ರಿಯೂ ಜೊತೆಯಾದರು. ನೌಕಾ ಇಲಾಖೆಯ ಹೊಣೆ ಹೊತ್ತಿದ್ದ ವಿನ್‌ಸ್ಟನ್ ಚರ್ಚಿಲ್ ಪ್ರಯೋಗಗಳ ಪರವಾಗಿದ್ದರು, ಹಾರಾಟ ನಿಲ್ಲಲಿಲ್ಲ. ವಿಚಿತ್ರವೆಂದರೆ ಇವತ್ತು ನಾನು ಕುಳಿತ ಬೆಂಚಿನಿಂದ ನೋಡಿದರೆ ಗೆದ್ದದ್ದು ಪಾಟರ್ ಅವರೇ. 2005ರಿಂದ ಈ ಸರೋವರದಲ್ಲಿ ದೋಣಿಗಳ ವೇಗಕ್ಕೆ ಹತ್ತು ನಾಟ್, ಅಂದರೆ ಗಂಟೆಗೆ ಸುಮಾರು ಹದಿನೆಂಟೂವರೆ ಕಿಲೋಮೀಟರ್, ಮಿತಿಯಿದೆ. ಆ ವೇಗದಲ್ಲಿ ಯಾವ ಫ್ಲೋಟೂ ತನ್ನ ಹಂಪ್ ಹತ್ತಲಾರದು. ಆದರೂ ವಾಟರ್‌ಬರ್ಡಿನ ತದ್ರೂಪವೊಂದನ್ನು ಉತ್ಸಾಹಿಗಳು ಕಟ್ಟಿ, ಆ ಮಿತಿಯಿಂದ ವಿನಾಯಿತಿ ಪಡೆದು, 2022ರಲ್ಲಿ ಇಲ್ಲಿಂದ ಹಾರಿಸಿದ್ದಾರೆ.

ರಾತ್ರಿಯ ವಸತಿಯಲ್ಲಿ ಕೋಣೆಯ ಹೀಟರ್ ಕೆಟ್ಟಿತ್ತು. ಒದ್ದೆಯಾದ ಬೂಟುಗಳಿಗೆ ಹಳೆಯ ಪೇಪರ್ ತುರುಕಿಟ್ಟು ಮಲಗಿದೆ.

ಮೂರನೆಯ ದಿನ: ಕಾಲ್ಗಾರ್ತ್

ಬೆಳಿಗ್ಗೆ ದಡದ ಮೇಲಿನ ಜೆಟ್ಟಿ ಮ್ಯೂಸಿಯಂ. 1850ರ ‘ಡಾಲಿ’ ಎಂಬ ಉಗಿದೋಣಿಯಿಂದ ಹಿಡಿದು ಈ ಸರೋವರದ ದೋಣಿಗಳೇ ಇಲ್ಲಿನ ಆಸ್ತಿ. ಅವುಗಳ ತಳಗಳನ್ನು ಬಗ್ಗಿ ನೋಡುತ್ತ ನಾನು ಎಷ್ಟು ಹೊತ್ತು ಕಳೆದೆನೆಂದರೆ, ಕಾವಲಿನವರು ಏನಾದರೂ ಬಿದ್ದುಹೋಯಿತೇ ಎಂದು ಕೇಳಿದರು. ಮೇಲ್ಭಾಗದ ಪಾಲಿಶ್ ನೋಡಲು ಬರುವವರೇ ಹೆಚ್ಚು. ದೋಣಿ ಕಟ್ಟುವವನ ಕೈ ಕಾಣುವುದು ಕೆಳಗೆ, ಹಲಗೆಗೆ ಹಲಗೆ ಕೂಡುವಲ್ಲಿ, ತಾಮ್ರದ ಮೊಳೆಯ ತಲೆಗಳು ಒಂದೇ ಅಂತರದಲ್ಲಿ ಸಾಲುಗಟ್ಟಿದಲ್ಲಿ. ರಿವೆಟ್ ಸಾಲುಗಳನ್ನು ಎಣಿಸಿಯೇ ಕಣ್ಣು ಕೆಡಿಸಿಕೊಂಡ ನನಗೆ ಆ ಸಾಲುಗಳು ಮನೆಯವರಂತೆ ಕಂಡವು.

ಅಲ್ಲಿಂದ ಬಸ್ಸಿನಲ್ಲಿ ಟ್ರೌಟ್‌ಬೆಕ್ ಬ್ರಿಜ್. ಕೆಳಗಿನ ವೈಟ್ ಕ್ರಾಸ್ ಬೇ ಈಗ ರಜಾದಿನಗಳ ಕ್ಯಾರವಾನ್ ಪಾರ್ಕ್. ಎರಡನೆಯ ಮಹಾಯುದ್ಧದಲ್ಲಿ ಇಲ್ಲಿ ಶಾರ್ಟ್ ಬ್ರದರ್ಸ್ ಕಂಪನಿಯ ಕಾರ್ಖಾನೆಯಿತ್ತು. ನಾಲ್ಕು ಎಂಜಿನ್ನುಗಳ ‘ಸಂಡರ್‌ಲ್ಯಾಂಡ್’ ಹಾರುವ ದೋಣಿಗಳು, ಅಂದರೆ ಒಡಲೇ ದೋಣಿಯ ಆಕಾರದಲ್ಲಿರುವ ವಿಮಾನಗಳು, 35 ಇಲ್ಲಿ ತಯಾರಾಗಿ ಈ ನೀರಿನಿಂದಲೇ ಎದ್ದು ಹೋದವು. ಗ್ನಾಸ್ಪೀಲಿಯಸ್ ಅವರ ಹಲಗೆಯ ಫ್ಲೋಟುಗಳು ಹೆಣಗಾಡಿದ ಅದೇ ಸರೋವರದಿಂದ ಮೂವತ್ತು ವರ್ಷಗಳ ಬಳಿಕ ಇಪ್ಪತ್ತು ಟನ್ನಿಗೂ ಮೀರಿದ ಲೋಹದ ದೋಣಿಗಳು, ಅದೇ ಮೆಟ್ಟಿಲನ್ನು ತಳದಲ್ಲಿ ಇಟ್ಟುಕೊಂಡು, ಎದ್ದವು. ಹಾರುವ ದೋಣಿಗಳ ಕಾಲದ ಒಂದು ತುಣುಕು ಬೆಂಗಳೂರಿಗೂ ಬಂದದ್ದುಂಟು. ಅದೇ ಯುದ್ಧದಲ್ಲಿ ಅಮೆರಿಕದ ‘ಕ್ಯಾಟಲಿನಾ’ ಹಾರುವ ದೋಣಿಗಳು ದುರಸ್ತಿಗೆ ಬಂದು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಈಗ ಆ ಕೆರೆಯ ನೊರೆಯನ್ನು ನೋಡಿದವರು ಇದನ್ನು ನಂಬುವುದಿಲ್ಲ.

ಕಾರ್ಖಾನೆಯ ಕಾರ್ಮಿಕರಿಗಾಗಿ ಕಾಲ್ಗಾರ್ತ್ ಎಂಬಲ್ಲಿ ಒಂದು ಊರನ್ನೇ ಕಟ್ಟಲಾಗಿತ್ತು. 1945ರ ಆಗಸ್ಟ್‌ನಲ್ಲಿ ನಾಜಿ ಶಿಬಿರಗಳಿಂದ ಬದುಕಿ ಉಳಿದ ಮುನ್ನೂರು ಯಹೂದಿ ಮಕ್ಕಳನ್ನು ಕರೆತಂದು ಇರಿಸಿದ್ದು ಆ ವಸತಿಗಳಲ್ಲೇ. ಪ್ರಾಗ್‌ನಿಂದ ಅವರನ್ನು ಹೊತ್ತು ತಂದ ‘ಸ್ಟರ್ಲಿಂಗ್’ ಬಾಂಬರ್‌ಗಳೂ ಶಾರ್ಟ್ ಬ್ರದರ್ಸ್ ವಿನ್ಯಾಸದವೇ. ಈಗ ಆ ಜಾಗದಲ್ಲಿ ಶಾಲೆಯಿದೆ. ನಾನು ಹೋದಾಗ ಆಟದ ಬಿಡುವಾಗಿತ್ತು. ಬೇಲಿಯಾಚೆ ಫುಟ್‌ಬಾಲ್ ಒದೆಯುತ್ತಿದ್ದ ಹುಡುಗರನ್ನು ನೋಡಿ, ಹೆಚ್ಚು ಹೊತ್ತು ನಿಲ್ಲದೆ ಹಿಂತಿರುಗಿದೆ.

ನಾಲ್ಕನೆಯ ದಿನ: ಕಾನಿಸ್ಟನ್

ಆಂಬಲ್‌ಸೈಡ್‌ನಿಂದ ಹಾಕ್ಸ್‌ಹೆಡ್ ಮೇಲೆ ಕಾನಿಸ್ಟನ್‌ಗೆ ಹೋಗುವ ಬಸ್ಸು ಕಲ್ಲುಗೋಡೆಗಳ ನಡುವೆ ಮೈ ಒರೆಸಿಕೊಂಡೇ ಸಾಗುತ್ತದೆ. ಬೆಟ್ಟದ ಅಂಚಿನಲ್ಲಿ ಮಳೆ ನಿಂತು, ಕಾನಿಸ್ಟನ್ ಇಳಿಯುವಾಗ ಎದುರಿಗೆ ಓಲ್ಡ್ ಮ್ಯಾನ್ ಎಂಬ 803 ಮೀಟರ್ ಎತ್ತರದ ಬೆಟ್ಟ ಮೋಡ ಕಳಚಿ ನಿಂತಿತು.

ಗ್ನಾಸ್ಪೀಲಿಯಸ್ ಅವರ ಎರಡನೆಯ ಬದುಕು ಇಲ್ಲಿಯದು. ಅವರು ಮದುವೆಯಾದ ಬಾರ್ಬರಾ ಕಾಲಿಂಗ್‌ವುಡ್ ಶಿಲ್ಪಿ. ಆಕೆಯ ತಂದೆ ಡಬ್ಲ್ಯು. ಜಿ. ಕಾಲಿಂಗ್‌ವುಡ್ ಕಲಾವಿದರು, ವಿದ್ವಾಂಸರು, ಕಲಾವಿಮರ್ಶಕ ಜಾನ್ ರಸ್ಕಿನ್ ಅವರ ಆಪ್ತ ಸಹಾಯಕರಾಗಿದ್ದವರು. ಊರಿನ ಚರ್ಚಿನ ಅಂಗಳದಲ್ಲಿ ರಸ್ಕಿನ್ ಸಮಾಧಿಯ ಮೇಲಿರುವ ಎತ್ತರದ ಹಸಿರು ಕಲ್ಲಿನ ಶಿಲುಬೆ ಮಾವನವರ ವಿನ್ಯಾಸ. ಕಲ್ಲಿನ ಮೇಲೆ ಹೆಣೆದುಕೊಂಡ ಬಳ್ಳಿಗಳ ನಡುವೆ ಆಕೃತಿಗಳನ್ನು ತುಂಬಿ, ಒಂದು ಅಂಗುಲವನ್ನೂ ಖಾಲಿ ಬಿಟ್ಟಿಲ್ಲ. ಹೊಯ್ಸಳರ ನಾಡಿನಿಂದ ಹೋದವನಿಗೆ ಅದರ ಮುಂದೆ ಹೊಸತೇನೂ ಇಲ್ಲ ಎನ್ನಬಹುದಾದರೂ, ಆ ಗಟ್ಟಿ ಸ್ಲೇಟಿನಲ್ಲಿ ಅಷ್ಟು ನಯ ತೆಗೆಯುವುದು ಬಳಪದ ಕಲ್ಲಿನಲ್ಲಿ ತೆಗೆದಷ್ಟು ಸುಲಭವಲ್ಲ. ಕಲೆ, ಬರಹ, ಪುರಾತತ್ವಗಳೇ ಊಟವಾಗಿದ್ದ ಈ ಮನೆತನಕ್ಕೆ ಎಂಜಿನ್ ಎಣ್ಣೆಯ ವಾಸನೆಯ ಅಳಿಯ ಹೇಗೆ ಹೊಂದಿದರೋ!

ಮೊದಲ ಮಹಾಯುದ್ಧದಲ್ಲಿ ನೌಕಾ ವಾಯುಪಡೆ ಸೇರಿ, ಮೇಜರ್ ಎನ್ನಿಸಿಕೊಂಡು ಹೊರಬಂದ ಗ್ನಾಸ್ಪೀಲಿಯಸ್, ಆಮೇಲೆ ಕೆಲವು ವರ್ಷ ಕೆಂಟ್‌ನ ರಾಚೆಸ್ಟರ್‌ನಲ್ಲಿ ಶಾರ್ಟ್ ಬ್ರದರ್ಸ್ ಕಂಪನಿಯ ಪ್ರಯೋಗ ವಿಭಾಗದಲ್ಲಿದ್ದರು. ಅದು ನಾಡಿದ್ದಿನ ವಿಷಯ. 1920ರ ದಶಕದ ನಡುವೆ ಅದನ್ನು ಬಿಟ್ಟು ಇಲ್ಲಿ ನೆಲೆಸಿ, ಈ ಬೆಟ್ಟದ ಹಳೆಯ ತಾಮ್ರದ ಗಣಿಗಳಲ್ಲಿ ಅದಿರು ಹುಡುಕತೊಡಗಿದರು. ನೀರಿನ ಮೇಲಿನಿಂದ ಗಾಳಿಗೆ ಹೋಗಲು ಅರ್ಧ ಆಯುಷ್ಯ ಕಳೆದವರು ಉಳಿದರ್ಧವನ್ನು ನೆಲದೊಳಗೆ ಕಳೆದರು. ಕಾಲಿಂಗ್‌ವುಡ್ ಮನೆಯ ಹಳೆಯ ಗೆಳೆಯ, ಕಾದಂಬರಿಕಾರ ಆರ್ಥರ್ ರಾನ್ಸಮ್ ಅವರನ್ನೂ ಗಣಿಗಳಿಗೆ ಕರೆದುಕೊಂಡು ಹೋಗಿ ಅದಿರು ಗುರುತಿಸುವುದನ್ನು ಕಲಿಸಿದರು. ರಾನ್ಸಮ್ 1936ರ ‘ಪಿಜನ್ ಪೋಸ್ಟ್’ ಎಂಬ ಮಕ್ಕಳ ಕಾದಂಬರಿಯನ್ನು ಗ್ನಾಸ್ಪೀಲಿಯಸ್‌ಗೇ ಅರ್ಪಿಸಿದ್ದಾರೆ. ಅದರಲ್ಲಿ ಮುದುರಿದ ಟೋಪಿ ಹಾಕಿಕೊಂಡು ಬೆಟ್ಟದಲ್ಲಿ ಒಬ್ಬನೇ ಅಲೆಯುವ, ಮಾತಿಗೆ ಸಂಕೋಚಪಡುವ, ಮಕ್ಕಳು ಶತ್ರುವೆಂದು ಅನುಮಾನಿಸುವ ಪಾತ್ರವೊಂದಿದೆ. ಅದಕ್ಕೆ ಮಾದರಿ ಇವರೇ. ಇಂಗ್ಲೆಂಡಿನಲ್ಲಿ ಇವತ್ತು ಇವರನ್ನು ಬಲ್ಲವರು ಹೆಚ್ಚಾಗಿ ಆ ಟೋಪಿಯಿಂದಲೇ ಬಲ್ಲರು. ನನಗೆ ಇದರಿಂದ ಸ್ವಲ್ಪ ಅಸಮಾಧಾನವಿದೆ. ಕಥೆಯ ಪಾತ್ರ ಮನುಷ್ಯನಿಗಿಂತ ಗಟ್ಟಿಯಾಗಿ ಉಳಿಯುವುದು ಹೊಸತಲ್ಲ. ಆದರೆ ಸೀಪ್ಲೇನ್ ಕಟ್ಟಿದವನೊಬ್ಬ ಟೋಪಿಯಾಗಿ ಉಳಿದದ್ದು ಅನ್ಯಾಯವೇ ಸರಿ.

ಮಧ್ಯಾಹ್ನ ಕಾಪರ್‌ಮೈನ್ಸ್ ಕಣಿವೆಗೆ ಹತ್ತಿದೆ. ಹೊಳೆಯ ಸದ್ದು ಪಕ್ಕದಲ್ಲೇ, ಎರಡೂ ಕಡೆ ಗಣಿಯ ಕಸದ ಕಲ್ಲಿನ ರಾಶಿಗಳು. ಹದಿನಾರನೆಯ ಶತಮಾನದ ಕೊನೆಗೆ ಜರ್ಮನ್ ಗಣಿಗಾರರು ಬಂದು ತೋಡಿದ ಕಾಲದಿಂದ ಇಲ್ಲಿ ತಾಮ್ರ ತೆಗೆದಿದ್ದಾರೆ. ರಾಶಿಯ ಅಂಚಿನಲ್ಲಿ ಮುಷ್ಟಿಗಾತ್ರದ ಕಲ್ಲೊಂದನ್ನು ತಿರುಗಿಸಿದೆ. ಮೇಲ್ಭಾಗ ಬೂದು, ಕೆಳಗಿನ ಬಿರುಕಿನಲ್ಲಿ ಹಳೆಯ ತಾಮ್ರದ ಚೊಂಬಿಗೆ ಹಿಡಿಯುವ ಕಿಲುಬಿನಂಥ ಹಸಿರು, ಅದರ ಪಕ್ಕ ಸಾಸಿವೆಯಷ್ಟು ದೊಡ್ಡ ಎರಡು ಚಿನ್ನದ ಬಣ್ಣದ ಮಿನುಗು. ಚಿನ್ನವಲ್ಲವೆಂದು ಗೊತ್ತಿದ್ದೂ ಎದೆ ಒಂದು ಕ್ಷಣ ಹಾರಿತು. ಕಲ್ಲನ್ನು ಇದ್ದಲ್ಲೇ ಇಟ್ಟು ಇಳಿದೆ.

ಸಂಜೆ ರಸ್ಕಿನ್ ಮ್ಯೂಸಿಯಂನಲ್ಲಿ ನೀಲಿ ಬಣ್ಣದ ‘ಬ್ಲೂಬರ್ಡ್’ ಜೆಟ್ ದೋಣಿಯ ಮುಂದೆ ನಿಂತೆ. 1967ರ ಜನವರಿ 4ರಂದು ಡೊನಾಲ್ಡ್ ಕ್ಯಾಂಬೆಲ್ ಕಾನಿಸ್ಟನ್ ಸರೋವರದಲ್ಲಿ ಗಂಟೆಗೆ 300 ಮೈಲಿ ಮೀರಿದ ವೇಗದಲ್ಲಿ ಓಡಿಸುತ್ತಿದ್ದಾಗ ಇದರ ಮೂತಿ ಎದ್ದು, ಗಾಳಿಯಲ್ಲಿ ಪಲ್ಟಿ ಹೊಡೆದು, ಅವರು ಸತ್ತರು. ಮೇಲೆತ್ತಿ ಕೂಡಿಸಿದ ದೋಣಿ 2024ರಲ್ಲಿ ಈ ಊರಿಗೆ ಮರಳಿದೆ. ಬೆಟ್ಟದ ಈಚೆಯ ಸರೋವರದಲ್ಲಿ ನೀರು ಬಿಡಬಾರದ್ದು ಬಿಟ್ಟಿತು, ಆಚೆಯದರಲ್ಲಿ ಬಿಡಬೇಕಾದದ್ದನ್ನು ಬಿಡಲಿಲ್ಲ. ಎರಡೂ ಒಂದೇ ತಳದ ಲೆಕ್ಕ.

ಐದನೆಯ ದಿನ: ರೈಲು

ಬಸ್ಸು, ವಿಂಡರ್‌ಮಿಯರ್ ನಿಲ್ದಾಣ, ಆಕ್ಸನ್‌ಹೋಮ್‌ನಲ್ಲಿ ಬದಲಾವಣೆ, ಲಂಡನ್, ಅಲ್ಲಿಂದ ಮತ್ತೊಂದು ರೈಲು. ಮಗಳು ಕಟ್ಟಿಕೊಟ್ಟಿದ್ದ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿಂದೆ. ರಾಚೆಸ್ಟರ್ ತಲುಪಿದಾಗ ಕತ್ತಲಾಗಿತ್ತು.

ಆರನೆಯ ದಿನ: ರಾಚೆಸ್ಟರ್

ಕಾಲದ ಲೆಕ್ಕದಲ್ಲಿ ಇಲ್ಲಿಗೆ ಕಾನಿಸ್ಟನ್‌ಗಿಂತ ಮೊದಲು ಬರಬೇಕಿತ್ತು. ನನ್ನ ಮರಳಿ ಪಯಣದ ವಿಮಾನ ಲಂಡನ್ನಿನಿಂದ ಇದ್ದುದರಿಂದ ಹಿಂದುಮುಂದಾಯಿತು.

ಮೆಡ್ವೇ ನದಿಯ ಮೇಲೆ ಕೋಟೆಯ ಎತ್ತರದ ಬುರುಜು, ಅದರ ಕೆಳಗೆ ನದಿಯಂಚಿನಲ್ಲಿ ಎಸ್ಪ್ಲನೇಡ್ ರಸ್ತೆ. ಸೇತುವೆಯಿಂದ ನದಿಯ ಮೇಲ್ಗಡೆ ನಡೆದರೆ ಈಗ ಮನೆಗಳ ಸಾಲು. ಅಲ್ಲಿತ್ತು ಶಾರ್ಟ್ ಸೋದರರ ಸೀಪ್ಲೇನ್ ಕಾರ್ಖಾನೆ. ಹೊರೇಸ್, ಯೂಸ್ಟೇಸ್, ಆಸ್ವಾಲ್ಡ್ ಎಂಬ ಮೂವರಲ್ಲಿ ಕಿರಿಯರಿಬ್ಬರು ಬಲೂನು ಮಾಡುವವರಾಗಿ ಆರಂಭಿಸಿದವರು. 1905ರಲ್ಲಿ ಬ್ರಿಟಿಷ್ ಇಂಡಿಯಾದ ಸೈನ್ಯಕ್ಕೆ ಮೂರು ಬಲೂನುಗಳ ಗುತ್ತಿಗೆ ಅವರಿಗೆ ಸಿಕ್ಕಿತ್ತು. ಮೊದಲ ಮಹಾಯುದ್ಧದ ‘ಶಾರ್ಟ್ 184’ ಸೀಪ್ಲೇನ್ 900ಕ್ಕೂ ಹೆಚ್ಚು ತಯಾರಾಯಿತು. 1915ರ ಆಗಸ್ಟ್ 12ರಂದು ಗಾಳಿಯಿಂದ ಟಾರ್ಪಿಡೋ ಎಸೆದು ಹಡಗಿಗೆ ಹೊಡೆದ ಮೊದಲ ವಿಮಾನ ಅದು. ಹೊರೇಸ್ 1917ರಲ್ಲಿ ತೀರಿಕೊಂಡರು. ಯೂಸ್ಟೇಸ್ ಸಾವು 1932ರಲ್ಲಿ ಇದೇ ನದಿಯ ಮೇಲೆ. ತಾವೇ ಹಾರಿಸುತ್ತಿದ್ದ ಪುಟ್ಟ ಸೀಪ್ಲೇನನ್ನು ನೀರಿಗೆ ಇಳಿಸುತ್ತಲೇ ಹೃದಯ ನಿಂತಿತು. ಐದು ವರ್ಷದ ಬಳಿಕ ಮೊದಲ ಸಂಡರ್‌ಲ್ಯಾಂಡ್ ಎದ್ದದ್ದೂ ಇಲ್ಲಿಂದಲೇ.

ಗ್ನಾಸ್ಪೀಲಿಯಸ್ ಇಲ್ಲಿದ್ದ ದಿನಗಳಿಂದ ನೆನಪಾಗುವುದು ಎರಡು. ಒಂದು, 1923ರ ‘ಗಲ್’ ಎಂಬ ಅವರದೇ ವಿನ್ಯಾಸದ ಹಗುರ ವಿಮಾನ. ನೀರಿನದಲ್ಲ, ನೆಲದ್ದು. ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯಬೇಕೆಂಬ ತಮ್ಮ ಸಿದ್ಧಾಂತವನ್ನು ಪರೀಕ್ಷಿಸಲು ಕಟ್ಟಿದ್ದು. ಅದರ ಎಂಜಿನ್ 697 ಸಿಸಿಯ ಬ್ಲ್ಯಾಕ್‌ಬರ್ನ್, ಅಂದರೆ ನಮ್ಮ 350ರ ಬುಲೆಟ್ ಬೈಕಿನ ಎರಡರಷ್ಟು. ಒಂದೇ ಎಂಜಿನ್ ಹೊಟ್ಟೆಯೊಳಗೆ ಕುಳಿತು, ಸೈಕಲ್ಲಿನಂತೆ ಚೈನುಗಳ ಮೂಲಕ, ರೆಕ್ಕೆಯ ಹಿಂದಿನ ಎರಡು ಪ್ರೊಪೆಲರುಗಳನ್ನು ತಿರುಗಿಸುತ್ತಿತ್ತು. ಆ ಅಕ್ಟೋಬರ್‌ನಲ್ಲಿ ಲಿಂಪ್ನ್ ಎಂಬಲ್ಲಿ ನಡೆದ ಹಗುರ ವಿಮಾನಗಳ ಸ್ಪರ್ಧೆಗೂ ಅದು ಹೋಯಿತು. ಕಟ್ಟಿದ್ದು ಎರಡೇ. ಎರಡನೆಯದು 1926ರಲ್ಲಿ ಕ್ರ್ಯಾಮ್ಲಿಂಗ್ಟನ್‌ನಲ್ಲಿ ಅಪಘಾತಕ್ಕೀಡಾಗಿ ಪೈಲಟ್ ಸತ್ತರು. ಆ ಹೊತ್ತಿಗೆ ವಿನ್ಯಾಸಕಾರ ಗಣಿಗಳ ದಾರಿ ಹಿಡಿದಾಗಿತ್ತು. ಇವೆರಡಕ್ಕೂ ಸಂಬಂಧವಿತ್ತೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ, ಹಾಗಾಗಿ ಹೇಳುವುದಿಲ್ಲ.

ಇನ್ನೊಂದು, 1924ರಲ್ಲಿ ಕಾರ್ಖಾನೆಯಲ್ಲಿ ಸಿದ್ಧವಾದ ಪರೀಕ್ಷಾ ಕಾಲುವೆ. ಉದ್ದ 350 ಅಡಿ. ಫ್ಲೋಟಿನ ಮಾದರಿಯನ್ನು ನಿಂತ ನೀರಿನಲ್ಲಿ ಬೇಕಾದ ವೇಗಕ್ಕೆ ಎಳೆದು, ಹಂಪ್ ಎಲ್ಲಿದೆ, ಮೆಟ್ಟಿಲು ಎಷ್ಟು ಎತ್ತರ ಬೇಕು ಎಂಬುದನ್ನೆಲ್ಲ ಅಂಕಿಗಳಲ್ಲಿ ಅಳೆಯಬಹುದಾಗಿತ್ತು. ಹದಿಮೂರು ವರ್ಷ ಹಿಂದೆ ವಿಂಡರ್‌ಮಿಯರ್‌ನಲ್ಲಿ ತನ್ನ ಮೈಯನ್ನೇ ಒದ್ದೆ ಮಾಡಿಕೊಂಡು ತಿಳಿಯಬೇಕಾಗಿದ್ದ ಉತ್ತರಗಳು ಈಗ ಶೆಡ್ಡಿನೊಳಗೆ, ಬಿಸಿ ಚಹಾ ಪಕ್ಕದಲ್ಲಿಟ್ಟುಕೊಂಡು ಸಿಗುತ್ತಿದ್ದವು. ಕಾರ್ಖಾನೆ ಯುದ್ಧದ ಬಳಿಕ ಮುಚ್ಚಿ ಬೆಲ್‌ಫಾಸ್ಟ್‌ಗೆ ಹೋಯಿತು.

ನದಿಯಲ್ಲಿ ಇಳಿತವಿತ್ತು. ಗೋಡೆಯ ಕೆಳಗೆ ಹೊಳೆಯುವ ಕಪ್ಪು ಕೆಸರು, ಅದರಲ್ಲಿ ಒಂದು ಹಳೆಯ ಮೀನುದೋಣಿ ಪಕ್ಕಕ್ಕೆ ವಾಲಿ ಕುಳಿತಿತ್ತು. ರೈಲಿಗೆ ಇನ್ನೂ ಹೊತ್ತಿದ್ದುದರಿಂದ ಗೋಡೆಯ ಮೇಲೆ ಕುಳಿತೆ. ಉಬ್ಬರ ತಿರುಗಿ, ನೀರು ನಾಲಗೆಯಂತೆ ಒಳಸರಿದು ದೋಣಿಯ ತಳ ಮುಟ್ಟಿತು, ಗೇಣುದ್ದ ಏರಿತು, ಮೊಳದುದ್ದ ಏರಿತು. ತೇಲುವಷ್ಟು ನೀರು ಬಂದಮೇಲೂ ದೋಣಿ ಏಳಲಿಲ್ಲ. ಕೆಸರು ಹಿಡಿದಿತ್ತು. ಆಮೇಲೆ ಯಾವುದೋ ದೊಡ್ಡ ದೋಣಿ ಹಾದುಹೋದ ಅಲೆ ಬಂದು ಅದರ ಒಂದು ಅಂಚನ್ನು ಎರಡು ಬೆರಳಿನಷ್ಟು ಎತ್ತಿತು. ಪಚಕ್ ಎಂದು ಒಂದು ಸದ್ದು, ತಳದಿಂದ ಗುಳ್ಳೆಗಳ ಸಾಲು, ದೋಣಿ ನೆಟ್ಟಗಾಗಿ ಹಗ್ಗದ ತುದಿಯಲ್ಲಿ ತೂಗಾಡತೊಡಗಿತು. ನಾನು ಪ್ಯಾಂಟು ಝಾಡಿಸಿಕೊಂಡು ನಿಲ್ದಾಣದ ಕಡೆ ನಡೆದೆ.